ಡಾಂಬರು ಬಿಟ್ಟು ಯಡಿಯೂರಿಗೆ

ಗುಬ್ಬಿಯಿಂದ ಯಡಿಯೂರಿಗೆ ನಡೆದು ಹೋಗೋದು ಹೇಗೆ ಅಂತ ಫೋನಿನಲ್ಲಿರೋ ಮ್ಯಾಪ್ ಆ್ಯಪನ್ನು ಕೇಳಿ ನೋಡಿ. ಕಾರಿಗೆ ತೋರಿಸೋ ದಾರಿಯನ್ನೇ ಹೆಚ್ಚುಕಮ್ಮಿ ಕಾಲಿಗೂ ತೋರಿಸುತ್ತೆ. ಡಾಂಬರು, ಲಾರಿ, ಟಿಪ್ಪರ್, ಬೆನ್ನ ಹಿಂದೆ ಹಾರ್ನ್. ಆದರೆ ಐವತ್ತು ವರ್ಷದ ಹಿಂದೆ ನಮ್ಮ ಕಡೆಯವರು ಇದೇ ಯಡಿಯೂರಿಗೆ ಹೋಗುತ್ತಿದ್ದದ್ದು ಹೊಲದ ಬದು, ಕೆರೆ ಏರಿ, ಬಂಡಿಜಾಡುಗಳ ಮೇಲೆ. ಆ ದಾರಿಗಳಲ್ಲಿ ಎಷ್ಟೋ ಇನ್ನೂ ಇವೆ. ಫೋನಿಗೆ ಗೊತ್ತಿಲ್ಲ, ಅಷ್ಟೆ.

ಇದರಲ್ಲಿ ಅಲ್ಗಾರಿದಮ್‌ನ ತಪ್ಪೇನೂ ಇಲ್ಲ. ಇಂಜಿನಿಯರಿಂಗ್ ಓದಿದವರಿಗೆ ಡೈಕ್‌ಸ್ಟ್ರಾ ಹೆಸರು ನೆನಪಿರುತ್ತೆ. 1959ರಲ್ಲಿ ಆತ ಪ್ರಕಟಿಸಿದ ಹತ್ತಿರದ ದಾರಿ ಹುಡುಕೋ ವಿಧಾನವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು ನಾವು. ಚುಕ್ಕಿಗಳು, ಅವನ್ನು ಸೇರಿಸೋ ಗೆರೆಗಳು. ಆ ಗೆರೆಗಳಲ್ಲಿ ಯಾವುದು ಹತ್ತಿರ ಅಂತ ಅದು ಲೆಕ್ಕ ಹಾಕುತ್ತೆ. ಇವತ್ತಿನ ಆ್ಯಪ್‌ಗಳು ಎಷ್ಟೇ ಮುಂದೆ ಹೋಗಿದ್ದರೂ ಒಂದು ಮಾತು ಬದಲಾಗಿಲ್ಲ: ಗೆರೆಯೇ ಇಲ್ಲದ ಕಡೆ ದಾರಿಯೂ ಇಲ್ಲ. ನಮ್ಮ ಬಂಡಿಜಾಡಿಗೆ ಯಾರೂ ಗೆರೆ ಎಳೆದಿಲ್ಲ. ಹಾಗಾಗಿ ಅದು ಕಂಪ್ಯೂಟರಿನ ಪಾಲಿಗೆ ಹುಟ್ಟೇ ಇಲ್ಲ.

ನಾನು ಈ ಗೆರೆಗಳ ಹಿಂದೆ ಬಿದ್ದದ್ದು ಅಪ್ಪನ ಹರಕೆಯಿಂದ. ಅಮ್ಮನ ಆಪರೇಷನ್ ಸಮಯದಲ್ಲಿ ಅಪ್ಪ, "ಇವಳು ಎದ್ದು ಮನೆಗೆ ಬಂದ್ರೆ ಗುಬ್ಬಿ ಚನ್ನಬಸವೇಶ್ವರನ ಗುಡಿಯಿಂದ ಯಡಿಯೂರು ಸಿದ್ಧಲಿಂಗೇಶ್ವರನ ಗುಡಿಗೆ ನಡ್ಕೊಂಡು ಹೋಗ್ತೀನಿ" ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದರಂತೆ. ಅಮ್ಮ ಎದ್ದು ಬಂದರು. ಅಪ್ಪನಿಗೆ 67, ಶುಗರ್ ಇದೆ. ಹರಕೆ ವಿಷಯ ಬಾಯಿಬಿಟ್ಟ ದಿನ ಅಮ್ಮ ಹೇಳಿದ್ದು ಒಂದೇ ಮಾತು: "ನೀವು ಹೈವೇ ಪಕ್ಕ ನಡೆಯೋದಾದ್ರೆ ನಾನು ಆಸ್ಪತ್ರೇಲೇ ಇದ್ದಿದ್ರೆ ಚೆನ್ನಾಗಿತ್ತು."

ಡಾಕ್ಟರ್ ಒಪ್ಪಿದರು, ಷರತ್ತು ಹಾಕಿ. ಹೊತ್ತಿಗೆ ಸರಿಯಾಗಿ ತಿನ್ನಬೇಕು. ಬರಿಗಾಲಲ್ಲಿ ನಡೆಯೋ ಹಾಗಿಲ್ಲ. ಶುಗರ್ ಇರೋರ ಪಾದಕ್ಕೆ ಸ್ಪರ್ಶ ಕಮ್ಮಿ ಆಗಿರುತ್ತೆ, ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ಅಪ್ಪ ಎರಡು ದಿನ ಮುಖ ಸಣ್ಣದು ಮಾಡಿಕೊಂಡು, ಆಮೇಲೆ, "ಗುಡಿ ಬಾಗ್ಲಲ್ಲಿ ಬಿಟ್ರಾಯ್ತು ಬಿಡು" ಅಂತ ಶೂ ತರಲು ಒಪ್ಪಿದರು. ಡಾಂಬರು ಬಿಟ್ಟು ಹೋಗೋ ದಾರಿ ಹುಡುಕೋ ಕೆಲಸ ನನ್ನ ತಲೆಗೆ ಬಂತು.

ಮೂರು ನಕ್ಷೆ, ಒಂದರ ಮೇಲೊಂದು

ಮೊದಲನೆಯದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್. 1767ರಲ್ಲಿ ಶುರುವಾದ ಸಂಸ್ಥೆ ಅದು. ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ ಮೈಸೂರು ಸೀಮೆಯನ್ನು ಅಳೆಯಲು ಮೊದಲ ಬೇಸ್‌ಲೈನ್ ಹಾಕಿದ್ದು 1800ರಲ್ಲಿ, ನಮ್ಮ ಪಕ್ಕದ ಬೆಂಗಳೂರಿನಲ್ಲೇ. ಈಗ ಸರ್ವೆ ಆಫ್ ಇಂಡಿಯಾದ ಪೋರ್ಟಲ್‌ನಲ್ಲಿ ಲಾಗಿನ್ ಆದರೆ 1:50,000 ಅಳತೆಯ ನಕ್ಷೆಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ನಕ್ಷೆಯ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಹಳೇ ನಂಬರಿನ ಪ್ರಕಾರ ತುಮಕೂರು 57 ಜಿ/3ರಲ್ಲಿ, ಕುಣಿಗಲ್ 57 ಜಿ/4ರಲ್ಲಿ, ಗುಬ್ಬಿ 57 ಸಿ/15ರಲ್ಲಿ ಬರುತ್ತೆ. ಗುಬ್ಬಿಗೂ ತುಮಕೂರಿಗೂ ಮಧ್ಯೆ 77 ಡಿಗ್ರಿ ರೇಖಾಂಶ ಹಾದು ಹೋಗೋದರಿಂದ ಅಕ್ಷರವೇ ಬದಲಾಗುತ್ತೆ. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ನಕ್ಷೆ ಮಾತ್ರ ಬೇರೆ ಬೇರೆ.

ಈ ಶೀಟಿನಲ್ಲಿ ಬಂಡಿದಾರಿ, ಕಾಲುದಾರಿಗಳು ತುಂಡುಗೆರೆಯಲ್ಲಿವೆ. ಕೆರೆ, ಹಳ್ಳ, ಬಾವಿ, ಗುಡಿಗಳೂ ಇವೆ. 20 ಮೀಟರಿಗೊಂದರಂತೆ ಎತ್ತರದ ಗೆರೆಗಳಿವೆ. ಹಳೇ ಶೀಟನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರಿಗೆ ಹಾಕೋರು ಒಂದು ವಿಷಯ ತಿಳ್ಕೊಳ್ಳಿ. ಹಳೇವು ಎವರೆಸ್ಟ್ ಡೇಟಮ್ ಅನ್ನೋ ಲೆಕ್ಕದಲ್ಲಿವೆ, ಜಿಪಿಎಸ್ ಬಳಸೋದು ಡಬ್ಲ್ಯುಜಿಎಸ್-84. ಎರಡನ್ನೂ ಸರಿಹೊಂದಿಸದೇ ಇದ್ದರೆ ನಮ್ಮ ಕಡೆ ಚುಕ್ಕಿ ನೂರು ಮೀಟರಿಗೂ ಮೀರಿ ಆಚೀಚೆ ಸರಿಯುತ್ತೆ. ಕೆರೆ ಏರಿ ಮೇಲಿರಬೇಕಾದವರು ಕೆರೆ ಒಳಗೆ ಇರ್ತೀರಿ.

ಎರಡನೆಯದು ಗ್ರಾಮ ನಕ್ಷೆ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಊರೂರಿನ ನಕ್ಷೆ ಪುಕ್ಕಟೆ ಇಳಿಯುತ್ತೆ. ಸರ್ವೆ ನಂಬರುಗಳು, ಅವುಗಳ ಮಧ್ಯೆ ಬಂಡಿದಾರಿ, ಕಾಲುದಾರಿ, ಹಳ್ಳ, ಗುಂಡುತೋಪು, ಗೋಮಾಳ. ನನ್ನ ಪ್ರಕಾರ ಚಾರಣ ಮಾಡೋರು ಯಾರೂ ಕಣ್ಣೆತ್ತಿ ನೋಡದ, ಆದರೆ ಎಲ್ಲಕ್ಕಿಂತ ಮುಖ್ಯವಾದ ನಕ್ಷೆ ಇದು. ಯಾಕಂದರೆ ಇದರಲ್ಲಿ ಹಕ್ಕು ಇದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಖರಾಬು ಜಮೀನನ್ನು ಎರಡು ಭಾಗ ಮಾಡಿದ್ದಾರೆ. ಬಂಡೆ, ಕಲ್ಲು ಅಂತ ಬೇಸಾಯಕ್ಕೆ ಬಾರದ್ದು 'ಎ' ಖರಾಬು. ರಸ್ತೆ, ಕಾಲುದಾರಿ, ಹಳ್ಳ, ಕೆರೆ ಅಂತ ಸಾರ್ವಜನಿಕರಿಗೆ ಬಿಟ್ಟದ್ದು 'ಬಿ' ಖರಾಬು. ಪಹಣಿಯಲ್ಲಿ ನಾವು ಗಮನಿಸದೇ ಬಿಡೋ ಆ ಒಂದೆರಡು ಗುಂಟೆಯ ಲೆಕ್ಕದಲ್ಲಿ ಎಷ್ಟೋ ಸಲ ಊರಿನ ದಾರಿ ಬಚ್ಚಿಟ್ಟುಕೊಂಡಿರುತ್ತೆ.

ಮೂರನೆಯದು ಉಪಗ್ರಹ ಚಿತ್ರ. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ಪ್ರೊ ಹಾಕಿಕೊಂಡರೆ ಒಂದೇ ಜಾಗದ ಹಳೇ ಚಿತ್ರಗಳನ್ನೂ ವರ್ಷವರ್ಷ ಹಿಂದಕ್ಕೆ ಸರಿಸಿ ನೋಡಬಹುದು. ನಮ್ಮ ಕಡೆಗೆ ಇದು ಬೇಕೇ ಬೇಕು. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಿರೋ ಕುಣಿಗಲ್ ದೊಡ್ಡಕೆರೆಯನ್ನೇ ಹೀಗೆ ಸರಿಸಿ ನೋಡಿ. ನೀರಿನ ಅಂಚು ಎಷ್ಟು ಹಿಂದೆ ಮುಂದೆ ಹೋಗುತ್ತೆ ಕಾಣುತ್ತೆ. ಬೇಸಿಗೆಯ ಚಿತ್ರದಲ್ಲಿ ಕೆರೆ ಅಂಗಳದ ಮಧ್ಯೆ ಸೊಗಸಾದ ಕಾಲುಜಾಡು ಕಾಣುತ್ತೆ, ಮಳೆ ಮುಗಿದ ಮೇಲಿನ ಚಿತ್ರದಲ್ಲಿ ಅದೇ ಜಾಗ ನೀರು. ಚಿತ್ರ ಯಾವ ತಿಂಗಳಿನದ್ದು ಅಂತ ನೋಡದೆ ದಾರಿ ಎಳೆಯಬಾರದು.

ಹೊಲಕ್ಕೂ ಅದೇ ಮಾತು. ರಾಗಿ ನಿಂತಿರುವಾಗ ಬದುವಿನ ಮೇಲಿನ ದಾರಿ ಒಂದು ಅಡಿಗೆ ಇಳಿದಿರುತ್ತೆ. ಕುಯ್ಲು ಮುಗಿದು, ತೆನೆ ಕಣಕ್ಕೆ ಹೋದ ಮೇಲೆ ದಾರಿ ಮತ್ತೆ ಬಿಡಿಸಿಕೊಳ್ಳುತ್ತೆ. ನಾವು ಜನವರಿ ಕೊನೆ ಆರಿಸಿಕೊಂಡದ್ದು ಅದಕ್ಕೇ. ಬಿಸಿಲೂ ಕಮ್ಮಿ, ಹೊಲವೂ ಖಾಲಿ.

ಅಪ್ಪ ಹೇಳಿದ ಚುಕ್ಕಿಗಳು

ಮೂರು ನಕ್ಷೆ ಒಂದರ ಮೇಲೊಂದು ಇಟ್ಟ ಮೇಲೂ ತುಂಡು ತುಂಡು ಗೆರೆಗಳಷ್ಟೇ ಸಿಕ್ಕಿದವು. ಅವುಗಳನ್ನು ಸೇರಿಸಿದ್ದು ಅಪ್ಪ. ಒಂಬತ್ತು ಹತ್ತು ವರ್ಷದ ಹುಡುಗನಾಗಿದ್ದಾಗ ಅವರು ನಮ್ಮಜ್ಜಿಯ ಜೊತೆ, ಊರಿನ ಹತ್ತು ಹದಿನೈದು ಜನರ ಗುಂಪಿನಲ್ಲಿ, ಯಡಿಯೂರಿಗೆ ನಡೆದಿದ್ದರು. ಒಂದು ಭಾನುವಾರ ತುಮಕೂರಿನ ಮನೆಯಲ್ಲಿ ಅವರನ್ನು ದೊಡ್ಡ ಮಾನಿಟರ್ ಮುಂದೆ ಕೂರಿಸಿದೆ.

"ಕಡಬದ ಕೆರೆ ತೋರ್ಸು" ಅಂದರು. ಶಿಂಷಾ ನದಿಗೆ ಅಡ್ಡ ಕಟ್ಟಿರೋ ಆ ಕೆರೆ ಪರದೆ ಮೇಲೆ ಬಂದ ತಕ್ಷಣ ಅವರ ಬೆರಳು ತಾನೇ ಓಡಿತು. "ಇಲ್ಲಿ ಏರಿ ಮೇಲೆ ಹತ್ತಿದ್ವಿ. ಇಲ್ಲೊಂದು ತೂಬು. ತೂಬಿನಿಂದ ಇಳಿದ್ರೆ ಗದ್ದೆ ಬಯಲು. ಆಚೆಗೆ ಒಂದು ಅರಳಿಕಟ್ಟೆ, ಅಲ್ಲಿ ಬುತ್ತಿ ಬಿಚ್ತಿದ್ವಿ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಹೊರೆಗಲ್ಲು ಇತ್ತು ಕಣೇ. ಅಮ್ಮ ತಲೆ ಮೇಲಿನ ಗಂಟು ಅದರ ಮೇಲೆ ಇಟ್ಟು ನಿಟ್ಟುಸಿರು ಬಿಡ್ತಿದ್ಲು."

ಹೊರೆಗಲ್ಲು ಅಂದರೆ ಈಗಿನ ಎಷ್ಟು ಜನಕ್ಕೆ ಗೊತ್ತೋ. ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಹಾಕಿರುತ್ತಾರೆ, ಆಳೆತ್ತರಕ್ಕೆ. ತಲೆ ಮೇಲೆ ಹೊರೆ ಹೊತ್ತು ನಡೆಯೋರು ಇನ್ನೊಬ್ಬರ ಸಹಾಯ ಇಲ್ಲದೆ ಹೊರೆ ಇಳಿಸಿ, ಮತ್ತೆ ಎತ್ತಿಕೊಳ್ಳಲು. ಅದು ನಿಂತಿದೆ ಅಂದರೆ ಅಲ್ಲಿ ದಾರಿ ಇತ್ತು ಅಂತಲೇ ಅರ್ಥ. ಉಪಗ್ರಹಕ್ಕೆ ಅದು ಕಾಣಲ್ಲ. ಮೇಲಿಂದ ನೋಡಿದರೆ ಇನ್ನೊಂದು ಕಲ್ಲು.

ಅಪ್ಪ ಹೇಳಿದ್ದನ್ನೆಲ್ಲ ಒಂದೊಂದು ವೇಪಾಯಿಂಟ್ ಮಾಡಿ ಗುರುತು ಹಾಕಿದೆ. ತೂಬು, ಅರಳಿಕಟ್ಟೆ, ಕೋಡಿ, ಹೊರೆಗಲ್ಲು. ಜಿಪಿಎಕ್ಸ್ ಫೈಲಿನಲ್ಲಿ ಮೂರು ತರಹದ ಮಾಹಿತಿ ಇಡಬಹುದು. ವೇಪಾಯಿಂಟ್ ಅಂದರೆ ಒಂದು ಚುಕ್ಕಿ. ರೂಟ್ ಅಂದರೆ ಮನೆಯಲ್ಲಿ ಕೂತು ಹಾಕಿಕೊಂಡ ಯೋಜನೆ. ಟ್ರ್ಯಾಕ್ ಅಂದರೆ ನಿಜವಾಗಿ ಕಾಲು ಹೋದ ಜಾಡು. ಮೊದಲ ಎರಡನ್ನು ತಯಾರು ಮಾಡಿಕೊಂಡು ಹೋಗಬೇಕು, ಮೂರನೆಯದನ್ನು ತರಬೇಕು.

ಲೆಕ್ಕ

ಒಟ್ಟು ದಾರಿ ಸುಮಾರು 46 ಕಿಲೋಮೀಟರ್ ಬಂತು: ಗುಬ್ಬಿ, ಕಡಬ, ಸಿ.ಎಸ್. ಪುರ, ಯಡಿಯೂರು. ಚಾರಣಿಗರು ನೇಸ್ಮಿತ್ ನಿಯಮ ಅಂತ ಒಂದು ಲೆಕ್ಕ ಬಳಸ್ತಾರೆ. 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಹೇಳಿದ್ದು: 3 ಮೈಲಿಗೆ ಒಂದು ಗಂಟೆ, 2,000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿಯಲ್ಲಿ ದೊಡ್ಡ ಏರು ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟೋ ಶಿಂಷಾ ತೆಂಕಲಿಗೆ ಹರಿಯುತ್ತೆ, ನಾವೂ ಹೆಚ್ಚುಕಮ್ಮಿ ಅದರ ಜೊತೆಗೇ ತೆಂಕಲಿಗೆ ಇಳೀತೀವಿ. ಆದರೆ ಸ್ಕಾಟ್ಲೆಂಡಿನ ಹವಾ ಬೇರೆ, ಕಲ್ಪತರು ನಾಡಿನ ಹತ್ತು ಗಂಟೆ ಬಿಸಿಲು ಬೇರೆ. ಹಾಗಾಗಿ ಅಪ್ಪನ ನಿಜವಾದ ವೇಗ ಅಳೆಯೋಣ ಅಂತ ಎರಡು ತಿಂಗಳು ಭಾನುವಾರ ಬೆಳಿಗ್ಗೆ ಅವರ ಜೊತೆ ನಡೆದೆ. ಕೂತು ಎದ್ದು, ನೀರು ಕುಡಿದು, ಸಿಕ್ಕಿದವರ ಹತ್ತಿರ ಮಾತಾಡಿ, ಗಂಟೆಗೆ 3.2 ಕಿಲೋಮೀಟರ್. ಅಂದರೆ ದಿನಕ್ಕೆ ಐದು ಗಂಟೆಯಂತೆ ಮೂರು ದಿನ. ಕಡಬದಲ್ಲಿ ನೆಂಟರ ಮನೆ, ಸಿ.ಎಸ್. ಪುರದಲ್ಲಿ ಅಪ್ಪನ ಹಳೇ ಸ್ನೇಹಿತರ ಮನೆ.

ಆಮೇಲೆ ಅಡ್ಡಿಗಳ ಪಟ್ಟಿ. ಗುಬ್ಬಿ ತಾಲ್ಲೂಕಿನಲ್ಲಿ ಹಾದು ಹೋಗೋ ಹೇಮಾವತಿ ನಾಲೆ ನಕ್ಷೆಯಲ್ಲಿ ತೆಳ್ಳನೆ ನೀಲಿ ಗೆರೆ. ನೆಲದ ಮೇಲೆ ಅದು ನಡೆಯೋರು ದಾಟಲಾಗದ ಗೋಡೆ. ಇಳಿಜಾರು ದಂಡೆ, ಒಳಗೆ ಓಡೋ ನೀರು. ಅದನ್ನು ಸೇತುವೆ ಇರೋ ಕಡೆ ಮಾತ್ರ ದಾಟಬೇಕು, ಸೇತುವೆಯನ್ನು ಚಿತ್ರದಲ್ಲಿ ಮೊದಲೇ ಹುಡುಕಿ ಗುರುತು ಹಾಕಬೇಕು. ಸಾಫ್ಟ್‌ವೇರ್ ತೋರಿಸೋ ಎತ್ತರದ ಗ್ರಾಫನ್ನು ಇಂಥ ಕಡೆ ನಂಬಬೇಡಿ. ಅದರಲ್ಲಿ ಬಹಳಷ್ಟು 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರೇಡಾರ್‌ನಿಂದ ಅಳೆದ ಮಾಹಿತಿ. ಸುಮಾರು 30 ಮೀಟರ್ ಚೌಕಕ್ಕೆ ಒಂದು ಎತ್ತರ. ಹತ್ತಡಿಯ ಕೊರಕಲು ಅದಕ್ಕೆ ಕಾಣಲ್ಲ.

ಇನ್ನೊಂದು ಅಡ್ಡಿ ಚಿರತೆ. 2019ರ ಕೊನೆ ಮತ್ತು 2020ರ ಮೊದಲ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳು ಕೂಡೋ ಭಾಗದಲ್ಲೇ ಚಿರತೆ ದಾಳಿಗೆ ಜನ ಸತ್ತರು. ದನ ಮೇಯಿಸೋರು, ಹೊಲಕ್ಕೆ ಹೋದವರು, ಮಕ್ಕಳು. ಈ ಕಡೆಯವರು ಯಾರೂ ಅದನ್ನು ಮರೆತಿಲ್ಲ. ಲಂಟಾನ ಪೊದೆ, ಪಾಳು ಬಿದ್ದ ಗುಡ್ಡದ ಬುಡ ಇವನ್ನು ಬಿಟ್ಟು ಸುತ್ತು ಹಾಕಿದೆ. ಬೆಳಿಗ್ಗೆ ಚೆನ್ನಾಗಿ ಬೆಳಕಾದ ಮೇಲೆ ಹೊರಟು ಹೊತ್ತು ಇಳಿಯೋ ಮುಂಚೆ ಮನೆ ಸೇರೋ ಹಾಗೆ ಸಮಯ ಇಟ್ಟೆ. ಟೋಪೋಶೀಟಿನಲ್ಲಿ ಆರ್‌ಎಫ್ ಅಂತ ಬರೆದಿರೋ ಮೀಸಲು ಅರಣ್ಯದ ಗಡಿ ಎಲ್ಲೂ ದಾಟಲಿಲ್ಲ. ದೇವರಾಯನದುರ್ಗವೋ ಸಿದ್ಧರಬೆಟ್ಟವೋ, ಕಾಡಿನ ಒಳಜಾಡಿಗೆ ಇಳಿಯೋರು ಅರಣ್ಯ ಇಲಾಖೆಯನ್ನು ಕೇಳಿಯೇ ಇಳಿಯಬೇಕು. ಅಲ್ಲಿ ಚಿರತೆ ಜೊತೆ ಕರಡಿಯೂ ಇದೆ.

ಕೈಯಲ್ಲಿ ಏನಿರಬೇಕು

"ಹಳ್ಳೀಲಿ ನೆಟ್‌ವರ್ಕ್ ಇಲ್ವಲ್ಲ, ಜಿಪಿಎಸ್ ಹೇಗೆ ಕೆಲ್ಸ ಮಾಡುತ್ತೆ?" ಅಂತ ಆಫೀಸಿನಲ್ಲೇ ಒಬ್ಬರು ಕೇಳಿದ್ದರು. ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರೋ ಉಪಗ್ರಹಗಳ ಸಂಕೇತವನ್ನು ಫೋನು ಬರೀ ಕೇಳಿಸಿಕೊಳ್ಳುತ್ತೆ, ರೇಡಿಯೋ ತರಹ. ನಾಲ್ಕು ಉಪಗ್ರಹ ಸಿಕ್ಕರೆ ಎಲ್ಲಿದ್ದೀವಿ ಅಂತ ಲೆಕ್ಕ ಬರುತ್ತೆ. ಇಂಟರ್‌ನೆಟ್ ಬೇಕಾಗೋದು ನಕ್ಷೆಯ ಚಿತ್ರ ತರಿಸಿಕೊಳ್ಳಲು. ಓಸ್ಮ್ಯಾಂಡ್, ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ಗಳಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು, ಜಿಪಿಎಕ್ಸ್ ಫೈಲ್ ಹಾಕಿಕೊಂಡು, ಏರೋಪ್ಲೇನ್ ಮೋಡ್‌ನಲ್ಲಿ ಇಟ್ಟರೂ ನಡೆಯುತ್ತೆ. ಬ್ಯಾಟರಿಯೂ ಉಳಿಯುತ್ತೆ.

ಸ್ನೇಹಿತೆಯೊಬ್ಬಳ ಹತ್ತಿರ ಗಾರ್ಮಿನ್ ಇ-ಟ್ರೆಕ್ಸ್ ಇತ್ತು, ಅದನ್ನೂ ತಗೊಂಡೆ. ಅಂಗೈಯಷ್ಟು ಸಾಧನ, ಎರಡು ಪೆನ್ಸಿಲ್ ಸೆಲ್. ಹಳ್ಳಿ ಅಂಗಡಿಯಲ್ಲೂ ಸಿಗೋ ಸೆಲ್, ಅದೇ ಅದರ ದೊಡ್ಡ ಅನುಕೂಲ. ಬಿಸಿಲಲ್ಲೂ ಪರದೆ ಕಾಣುತ್ತೆ, ಬಿದ್ದರೂ ಒಡೆಯಲ್ಲ. ಆದರೆ ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಾಧನಗಳು ಬೇರೆ. ಅವನ್ನು ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಬಳಸೋ ಹಾಗಿಲ್ಲ. ವಿದೇಶದಿಂದ ತರಿಸೋ ಮುಂಚೆ ತಿಳ್ಕೊಳ್ಳಿ.

ತೆರೆದ ಬಯಲಿನಲ್ಲಿ ಈ ಸಾಧನಗಳು ಮೂರು ನಾಲ್ಕು ಮೀಟರ್ ಆಚೀಚೆ ಸರಿಯಾಗಿ ತೋರಿಸ್ತವೆ. ದಟ್ಟ ಅಡಿಕೆ ತೋಟದ ಒಳಗೆ ಹೋದರೆ ಗೆರೆ ಕುಡಿದವನ ಹಾಗೆ ಓಲಾಡುತ್ತೆ. ಸರ್ಕಾರದ ದಿಶಾಂಕ್ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ, ಬಹಳ ಉಪಯೋಗ ಆಯ್ತು. ಆದರೆ ಒಂದು ಎಚ್ಚರ. ನಮ್ಮ ಸರ್ವೆಯ ಹಳೇ ಸರಪಳಿ 33 ಅಡಿ, ಅಂದರೆ 10 ಮೀಟರ್. ಫೋನಿನ ಐದು ಮೀಟರ್ ವ್ಯತ್ಯಾಸ ಅಂದರೆ ಅರ್ಧ ಸರಪಳಿ. ಊರಿನಲ್ಲಿ ಅರ್ಧ ಸರಪಳಿಗೆ ಅಣ್ಣತಮ್ಮಂದಿರು ಕೋರ್ಟ್ ಹತ್ತಿದ್ದಾರೆ. ಫೋನ್ ತೋರಿಸಿ "ಇದು ದಾರಿ, ನಿಮ್ಮ ಜಮೀನಲ್ಲ" ಅಂತ ಯಾರಿಗೂ ಹೇಳಬಾರದು.

ಗೇಟು

ಮೊದಲ ದಿನ ಯೋಜನೆ ಹಾಕಿದ ಹಾಗೇ ನಡೆಯಿತು. ಎರಡನೇ ದಿನ ಅರಳಿಕಟ್ಟೆ ಸಿಕ್ಕಿತು. ಮರ ಇದೆ, ಕಟ್ಟೆಗೆ ಟೈಲ್ಸ್ ಬಂದಿದೆ. ಅಲ್ಲಿಂದ ಮುಂದೆ ಗ್ರಾಮ ನಕ್ಷೆಯ ಕಾಲುದಾರಿ ಒಂದು ಹಳ್ಳದ ಅಂಚಿಗೇ ಹೋಗುತ್ತೆ. ನೆಲದ ಮೇಲೆ ಹಳ್ಳ ಅಂಚನ್ನು ಕೊರೆದುಹಾಕಿತ್ತು, ಉಳಿದ ಕಡೆ ಲಂಟಾನ. ಜನ ಓಡಾಡೋ ಜಾಡು ಅಲ್ಲಿಂದ 40 ಮೀಟರ್ ಒಳಗೆ ಸರಿದು ಒಂದು ಅಡಿಕೆ ತೋಟದ ಮಧ್ಯೆ ಹೋಗಿತ್ತು. ತೋಟಕ್ಕೆ ಹೊಸ ತಂತಿ ಬೇಲಿ, ಕಬ್ಬಿಣದ ಗೇಟು, ಬೀಗ.

ನಿಂತು ಕೂಗಿದೆವು. ಸ್ವಲ್ಪ ಹೊತ್ತಿಗೆ ವಯಸ್ಸಾದ ಒಬ್ಬ ಹೆಂಗಸು ಬಂದರು.

"ಯಾವೂರವ್ವ ನಿಮ್ದು? ಯಾರ್ ಬೇಕು?"

ಅಪ್ಪ ತಮ್ಮ ಊರು, ತಮ್ಮ ತಂದೆ ಹೆಸರು, ಹರಕೆ ಎಲ್ಲ ಹೇಳಿದರು. ಆಮೇಲೆ, "ಅಕ್ಕಾ, ಇಲ್ಲೊಂದು ಹೊರೆಗಲ್ಲು ಇತ್ತಲ್ವಾ?" ಅಂದರು.

ಆಕೆ ಅಪ್ಪನನ್ನೇ ನೋಡಿದರು. "ಹೊರೆಗಲ್ಲಾ? ಐತಲ್ಲ, ಪಂಪ್‌ಸೆಟ್ ಮನೆ ಹಿಂದ್ಗಡೆ. ನಿಮ್ಗೆಂಗ್ ಗೊತ್ತು?"

ಬೀಗ ತೆಗೆದರು. ಕಲ್ಲು ಇತ್ತು, ಸ್ವಲ್ಪ ವಾಲಿಕೊಂಡು. ಚಪ್ಪಡಿ ಮೇಲೆ ಅಡಿಕೆ ಗೊನೆ ಒಣಗುತ್ತಿತ್ತು. ನನ್ನ ಪರದೆಯ ಮೇಲೆ ಅಪ್ಪನ ನೆನಪಿನಿಂದ ಇಟ್ಟ ಚುಕ್ಕಿ ಅಲ್ಲಿಂದ 120 ಮೀಟರ್ ದೂರದಲ್ಲಿತ್ತು. ಸುಮಾರು ಆರು ದಶಕದ ಹಿಂದೆ ಹುಡುಗನಾಗಿ ಕಂಡಿದ್ದು, 120 ಮೀಟರ್ ವ್ಯತ್ಯಾಸ. 2000ನೇ ಇಸವಿ ಮೇ ತಿಂಗಳವರೆಗೆ ಅಮೆರಿಕ ಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ಆಗ ಸಾಧನಗಳು ತೋರಿಸುತ್ತಿದ್ದದ್ದೂ ನೂರು ಮೀಟರ್ ಹತ್ತಿರದ ತಪ್ಪನ್ನೇ.

ಅಪ್ಪ ಬೆನ್ನಿನ ಬ್ಯಾಗು ಬಿಚ್ಚಿ ಆ ಚಪ್ಪಡಿ ಮೇಲೆ ಇಟ್ಟರು. ಏನೂ ಮಾತಾಡಲಿಲ್ಲ. ಆ ಅಜ್ಜಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು.

ನಾನು ಇ-ಟ್ರೆಕ್ಸ್‌ನಲ್ಲಿ ಗುರುತು ಹಾಕುತ್ತಿದ್ದದ್ದನ್ನು ಅವರು ನೋಡಿದರು. "ಅದೇನವ್ವ ಅದು?" ಹೇಳಿದೆ. ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಸ್ವಾಮಿ ತಾವ ಹೋಗೋರ್ನ ಬ್ಯಾಡ ಅನ್ನಕ್ಕಾಯ್ತದಾ, ಹೋಗ್ರಿ. ಆದ್ರೆ ನಮ್ ತೋಟಾನ ಫೋನ್ನಾಗೆ ಮಾತ್ರ ಹಾಕ್ಬ್ಯಾಡ ಕಣವ್ವ. ಹೋದ್ ವರ್ಷ ಬೈಕ್ನಾಗೆ ಹುಡುಗ್ರು ಬಂದು ಡ್ರಿಪ್ ಪೈಪೆಲ್ಲ ತುಳ್ದಾಕಿ ಹೋದ್ರು. ಈ ಬೀಗ ಅದಕ್ಕೇಯ ಹಾಕಿರಾದು."

ಹಂಚೋದು ಯಾವುದು, ಬಿಡೋದು ಯಾವುದು

ನಾನು ಹೊರಟಾಗ ಇದ್ದ ಆಸೆ ಬೇರೆ. 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆ ಇದೆ. ವಿಕಿಪೀಡಿಯದ ಹಾಗೆ ಯಾರು ಬೇಕಾದರೂ ಸೇರಿಸಬಹುದು. ಆಫ್‌ಲೈನ್ ಆ್ಯಪ್‌ಗಳು ಬಳಸೋದು ಅದನ್ನೇ. ನಮ್ಮ ಇಡೀ ದಾರಿಯನ್ನು ಅದಕ್ಕೆ ಏರಿಸಬೇಕು, ಮುಂದೆ ಯಡಿಯೂರಿಗೆ ನಡೆಯೋರಿಗೆಲ್ಲ ಸಿಗಲಿ, ದಾರಿ ಕಳೆದುಹೋಗದಿರಲಿ ಅಂತ. ನಕ್ಷೆಯಲ್ಲಿ ಇಲ್ಲದ ದಾರಿಯನ್ನು ಲೇಔಟ್ ಮಾಡೋರು ಮುಚ್ಚೋದು ಸುಲಭ. ಕಾಣೋ ಗೆರೆಯನ್ನು ಮುಚ್ಚೋದು ಸ್ವಲ್ಪ ಕಷ್ಟ.

ಇಂಗ್ಲೆಂಡಿನಲ್ಲಿ 1949ರ ಒಂದು ಕಾಯ್ದೆ ಪ್ರಕಾರ ಸ್ಥಳೀಯ ಆಡಳಿತಗಳು ಜನರ ಕಾಲುದಾರಿಗಳ ಅಧಿಕೃತ ನಕ್ಷೆ ಮಾಡಬೇಕಾಯ್ತು. ಆ ನಕ್ಷೆಯಲ್ಲಿರೋ ದಾರಿ ಯಾರ ಹೊಲದ ಮಧ್ಯೆ ಹೋದರೂ ನಡೆಯೋ ಹಕ್ಕು ಎಲ್ಲರಿಗೂ ಇದೆ. ಅಲ್ಲಿನವರು ಸಾಧನ ಹಿಡಿದು ಧೈರ್ಯವಾಗಿ ಹೊಲದಲ್ಲಿ ನಡೆಯೋದು ಆ ಕಾಗದದ ಬಲದಿಂದ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಗ್ರಾಮ ನಕ್ಷೆಯ ತುಂಡುಗೆರೆ. ಆದರೆ ನಾವು ನಿಜವಾಗಿ ನಡೆಯೋ ದಾರಿಯಲ್ಲಿ ಬಹುಪಾಲು ಕಾಗದದ ಮೇಲೆ ಇಲ್ಲ. ಅದು ಯಾರದೋ ಔದಾರ್ಯದ ಮೇಲೆ ನಿಂತಿದೆ. "ಹೋಗ್ಲಿ ಬಿಡು, ದಾರೀಲಿ ಹೋಗೋರು" ಅನ್ನೋ ಒಂದು ಮಾತಿನ ಮೇಲೆ. ಆ ಮಾತು ಹತ್ತು ಜನಕ್ಕೆ ಸಾಲುತ್ತೆ, ಸಾವಿರ ಜನಕ್ಕೆ ಸಾಲಲ್ಲ.

ಸಾವಿರ ಜನ ಬಂದರೆ ಏನಾಗುತ್ತೆ ಅಂತ 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತದಲ್ಲಿ ನೋಡಿದ್ದೀವಿ. ಗಣರಾಜ್ಯೋತ್ಸವದ ರಜೆಗೆ ಬಂದ ಜನಸಾಗರದ ವಿಡಿಯೋ ಎಲ್ಲರ ಫೋನಿಗೂ ಬಂತು. ಆನ್‌ಲೈನ್ ಬುಕಿಂಗ್ ಬರೋವರೆಗೆ ಅರಣ್ಯ ಇಲಾಖೆ ಚಾರಣಗಳನ್ನೇ ನಿಲ್ಲಿಸಬೇಕಾಯ್ತು. ಅಲ್ಲಿ ಕಾಯೋಕೆ ಇಲಾಖೆ ಇದೆ. ಇಲ್ಲಿ ಒಬ್ಬ ಅಜ್ಜಿ, ಒಂದು ಬೀಗ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ದಾರಿಗೂ ಪ್ರವೇಶದ ಬಗ್ಗೆ ಒಂದು ಟ್ಯಾಗ್ ಹಾಕಬಹುದು. 'ಯೆಸ್' ಅಂದರೆ ಎಲ್ಲರಿಗೂ ಹಕ್ಕಿದೆ. 'ಪ್ರೈವೇಟ್' ಅಂದರೆ ಇಲ್ಲ. ಇವೆರಡರ ಮಧ್ಯೆ 'ಪರ್ಮಿಸಿವ್' ಅಂತ ಒಂದಿದೆ: ಮಾಲೀಕರು ಬಿಟ್ಟಿದ್ದಾರೆ, ಯಾವಾಗ ಬೇಕಾದರೂ ಬೇಡ ಅನ್ನಬಹುದು. ಆ ಅಜ್ಜಿಯ ತೋಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಬೈಕಿನಲ್ಲಿ ಬರೋ ಹುಡುಗರು ಟ್ಯಾಗ್ ಓದಲ್ಲ, ಗೆರೆ ನೋಡ್ತಾರೆ. ಅವರು ಬೇಡ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಟ್ಯಾಗ್ ಹುಡುಕೋ ಅಗತ್ಯವೂ ಇರಲಿಲ್ಲ.

ಮನೆಗೆ ಬಂದು ಟ್ರ್ಯಾಕನ್ನು ಎರಡು ಭಾಗ ಮಾಡಿದೆ. ಕೆರೆ ಏರಿಗಳು, ಗ್ರಾಮ ನಕ್ಷೆಯಲ್ಲೂ ಇದ್ದು ನೆಲದ ಮೇಲೂ ಇರೋ ಬಂಡಿದಾರಿಗಳು, ಇವನ್ನು ನಮ್ಮ ಕಾಲಿನ ಜಾಡಿನಿಂದಲೇ ಎಳೆದು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಏರಿಸಿದೆ. ಬೇರೆ ನಕ್ಷೆ ನೋಡಿ ಅಲ್ಲಿಗೆ ನಕಲು ಮಾಡೋ ಹಾಗಿಲ್ಲ, ಅದು ಅವರ ನಿಯಮ. ನಡೆದು ತಂದದ್ದಕ್ಕೆ ಯಾರ ತಕರಾರೂ ಇಲ್ಲ. ತೋಟ, ಹೊಲದ ಬದು, ಯಾರೋ ಬಿಟ್ಟ ಕಾರಣಕ್ಕೆ ದಾಟಿದ ತುಂಡುಗಳು ಮನೆಯ ಫೈಲಿನಲ್ಲೇ ಉಳಿದವು. ಹಾಗಾಗಿ ಈಗ ಆನ್‌ಲೈನ್ ನಕ್ಷೆಯಲ್ಲಿ ನಮ್ಮ ದಾರಿ ನೋಡಿದರೆ ಅರಳಿಕಟ್ಟೆಯ ಆಚೆ ಸುಮಾರು 600 ಮೀಟರ್ ಖಾಲಿ ಇದೆ. ಡೈಕ್‌ಸ್ಟ್ರಾ ಬಂದರೂ ಅಲ್ಲಿ ನಿಂತು ಯಾರನ್ನಾದರೂ ಕೇಳಲೇಬೇಕು. ಮನೆಯ ಫೈಲಿನಲ್ಲಿ ಆ ಗೇಟಿನ ವೇಪಾಯಿಂಟ್‌ಗೆ ಒಂದು ಟಿಪ್ಪಣಿ ಬರೆದಿದ್ದೀನಿ: "ಇಲ್ಲಿ ಕೂಗಿ, ಕೇಳಿ, ಗೇಟು ಮುಚ್ಚಿಕೊಂಡು ಹೋಗಿ."

ಮೂರನೇ ದಿನ ಮಧ್ಯಾಹ್ನದ ಹೊತ್ತಿಗೆ ಯಡಿಯೂರು ಸೇರಿದೆವು. ಅಮ್ಮ ಬಸ್ಸಿನಲ್ಲಿ ಬಂದು ಗುಡಿ ಮುಂದೆ ಕಾಯುತ್ತಿದ್ದರು. ಅಪ್ಪ ಶೂ ಬಿಚ್ಚಿದ ಕೂಡಲೇ ಅಮ್ಮ ಮೊದಲು ನೋಡಿದ್ದು ಅವರ ಪಾದದ ಅಡಿಭಾಗ, ಆಮೇಲೆ ಮುಖ. ಒಂದು ಗುಳ್ಳೆ ಕೂಡ ಇರಲಿಲ್ಲ.

ಈಗ ನೆಂಟರಲ್ಲಿ ನಾಲ್ಕು ಜನ ಆ ಫೈಲ್ ಕೇಳಿದ್ದಾರೆ. ಕೊಟ್ಟಿದ್ದೀನಿ, ಯಾರನ್ನು ಎಲ್ಲಿ ಕೇಳಬೇಕು ಅನ್ನೋ ಪಟ್ಟಿಯ ಜೊತೆ. ನಿಮ್ಮ ಮನೆಯಲ್ಲೂ ಅರವತ್ತು ದಾಟಿದವರು ಇದ್ದರೆ ಬರೋ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ದೊಡ್ಡ ಪರದೆಯಲ್ಲಿ ಅವರ ಊರಿನ ಉಪಗ್ರಹ ಚಿತ್ರ ತೆಗೆದು, ಪಕ್ಕದಲ್ಲಿ ಗ್ರಾಮ ನಕ್ಷೆ ಇಟ್ಟು, ಒಂದೇ ಪ್ರಶ್ನೆ ಕೇಳಿ: "ಸ್ಕೂಲಿಗೆ ಯಾವ ದಾರೀಲಿ ಹೋಗ್ತಿದ್ರಿ?" ಆಮೇಲೆ ನೀವು ಮಾತಾಡಬೇಡಿ, ಚುಕ್ಕಿ ಇಡುತ್ತಾ ಹೋಗಿ.